ಲಿವರಿನ ನೀರುಗುಳ್ಳೆ ಮತ್ತು ಹರಳೆಣ್ಣೆಯ ಕೈ

೨೦೦೬ರಲ್ಲಿ ನಾನು ಎರ್ನಾಕುಲಂನ ಆಸ್ಪತ್ರೆಯೊಂದರಲ್ಲಿ ಆಂಬುಲೆನ್ಸ್ ಡ್ರೈವರ್ ಆಗಿದ್ದೆ. ಊರು ಕಾಸರಗೋಡು ಕಡೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ದುಡಿಮೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ತಿರುವನಂತಪುರಕ್ಕೆ ತುರ್ತು ಕೇಸ್ ಇದ್ದರೆ ಮೊದಲು ನನ್ನನ್ನೇ ಕರೆಯುತ್ತಿದ್ದರು.

ಅಂಥ ಒಂದು ಕೇಸ್ ರೇಣುಕಾ, ಗದಗ ಕಡೆಯ ಹುಡುಗಿ. ಎರ್ನಾಕುಲಂ ಪಕ್ಕದ ಕಾಕ್ಕನಾಡಿನ ಕಂಪನಿಯೊಂದರಲ್ಲಿ ಕೆಲಸ. ಸ್ಕ್ಯಾನಿಂಗಿನಲ್ಲಿ ಲಿವರಿನೊಳಗೆ ತೆಂಗಿನಕಾಯಿಯಷ್ಟು ದೊಡ್ಡ ಸಿಸ್ಟ್, ಅಂದರೆ ನೀರು ತುಂಬಿದ ಚೀಲ, ಕಂಡಿತ್ತು. ಎಷ್ಟೋ ಸಿಸ್ಟ್‌ಗಳಿಂದ ಏನೂ ತೊಂದರೆಯಿಲ್ಲ. ಇದು ಹೈಡಾಟಿಡ್: ನಾಯಿಯ ಹೊಟ್ಟೆಯ ಹುಳದ ಮೊಟ್ಟೆ ಹೇಗೋ ನಮ್ಮೊಳಗೆ ಸೇರಿ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವಂಥದ್ದು. ಒಡೆದರೆ ಆ ನೀರಿಗೆ ಮೈ ಕೆರಳಿ, ಬಿಪಿ ಕುಸಿದು ಪ್ರಾಣವೇ ಹೋಗಬಹುದು. ಆಪರೇಷನ್ನಿಗೆ ತಿರುವನಂತಪುರಕ್ಕೆ ಒಯ್ಯಬೇಕಿತ್ತು. "ಬೇಗ ಹೋಗು, ಆದರೆ ಕುಲುಕಬೇಡ," ಎಂದರು ಡಾಕ್ಟರ್.

ಆಲಪ್ಪುಳ ದಾಟಿ ಕೊಲ್ಲಂ ಹತ್ತಿರವಾಗುತ್ತಿದ್ದಂತೆ ರೇಣುಕಾಳ ನರಳಾಟ ಹೆಚ್ಚಿತು. ಹಿಂದೆ ಅವಳ ಜೊತೆ ತಾಯಿಯೂ ಮಲಯಾಳಿ ನರ್ಸ್ ಲಿಸಿಯೂ ಇದ್ದರು. "ಬಟ್ಟಿ ಸರದೈತಿ ಯವ್ವಾ, ತಿಕ್ಕಿದ್ರ ಸರಿ ಹೋಗತೈತಿ," ಎಂದು ತಾಯಿಯ ದನಿ ಕೇಳಿಸಿತು; ಹಿಂದೆಯೇ ಹರಳೆಣ್ಣೆಯ ವಾಸನೆ. ಹೊಟ್ಟೆನೋವು ಬಂದರೆ ಹೊಕ್ಕುಳ ಜಾಗ ಬಿಟ್ಟಿದೆಯೆಂದು ಎಣ್ಣೆ ಹಚ್ಚಿ ತಿಕ್ಕುವುದು ಅವರ ಕಡೆಯ ರೂಢಿ. ಕನ್ನಡ ಬಾರದ ಲಿಸಿ, ತಾಯಿ ಮಗಳನ್ನು ಸಮಾಧಾನ ಮಾಡುತ್ತಿದ್ದಾಳೆಂದುಕೊಂಡು ಡ್ರಿಪ್ ನೋಡುತ್ತಿದ್ದಳು.

ಗಾಡಿ ಬದಿಗೆ ಹಾಕಿ ಓಡಿಹೋಗಿ ಬಾಗಿಲು ತೆರೆದೆ.

"ಅಮ್ಮಾ, ಕೈ ತೆಗೀರಿ! ಒಳಗಿನ ಚೀಲ ಒಡೆದ್ರೆ ಮಗಳು ಉಳಿಯೂದಿಲ್ಲ."

"ಇಕಿನ್ನ ಹಡದಾಕಿ ನಾನು. ಗಾಡಿ ಹೊಡಿಯಾಂವ ನೀ ಯಾವಾಗ ಡಾಕ್ಟರ್ ಆದಿ?"

"ಡಾಕ್ಟರ್ ಹೇಳಿದ್ದನ್ನೇ ಹೇಳ್ತಾ ಇದ್ದೇನೆ, ಅಮ್ಮಾ."

ತಾಯಿ ಕೈ ಹಿಂದಕ್ಕೆ ತೆಗೆದಳು. "ಮತ್ತ ಸುಮ್ನ ಕುಂತು ನೋಡ್ಲೇನೋ ತಮ್ಮಾ?"

"ಮಗಳ ಪಾದ ಹಿಡ್ಕೊಂಡು ಕೂತ್ಕೊಳ್ಳಿ," ಎಂದೆ. ಬೇರೇನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಲಿಸಿ, "ಚೇಟ್ಟಾ, ವೇಗಂ!" ಅಣ್ಣಾ, ಬೇಗ, ಎಂದು ಚೀರಿದಳು. ರೇಣುಕಾಳ ಕತ್ತು, ತೋಳುಗಳ ಮೇಲೆಲ್ಲ ಕೆಂಪು ದದ್ದು ಎದ್ದಿತ್ತು. ಚೀಲ ಸೋರಿತ್ತು. ಲಿಸಿ ಇಂಜೆಕ್ಷನ್ ಚುಚ್ಚಿದಳು. ಇನ್ನು ಕುಲುಕಬಾರದೆಂಬ ಮಾತೆಲ್ಲಿ? ಕೊಲ್ಲಂನ ಆಸ್ಪತ್ರೆಯವರೆಗೆ ಕಣ್ಣು ಮುಚ್ಚಿಕೊಂಡವನಂತೆ ಓಡಿಸಿದೆ. ಅಲ್ಲಿ ಬಿಪಿ ಹಿಡಿತಕ್ಕೆ ಬಂದ ಮೇಲೆ ತಿರುವನಂತಪುರದ ಆಪರೇಷನ್ ಥಿಯೇಟರಿಗೆ ಒಪ್ಪಿಸಿದೆವು.

ಸರ್ಜನ್ ಹೊರಬಂದು ಮಗಳು ಉಳಿದಳು ಎಂದಾಗಲೂ ತಾಯಿ ಅಳಲಿಲ್ಲ. "ನಾ ತಿಕ್ಕಿದ್ದಕ್ಕ ಒಡೀತೇನು, ಕೇಳಪಾ," ಎಂದಳು. ಕೇಳಿದೆ. "ಮೊದಲೇ ಸೋರಿರಬಹುದು, ತಿಕ್ಕಿದ್ದರಿಂದಲೂ ಇರಬಹುದು," ಎಂದು ಸರ್ಜನ್ ಮಲಯಾಳಂನಲ್ಲಿ ಹೇಳಿದರು. ನಾನು ಮೊದಲಿನ ಅರ್ಧವನ್ನಷ್ಟೇ ಕನ್ನಡಕ್ಕೆ ತಂದೆ.

ಆಮೇಲೆ ಸರ್ವಿಸ್ ಮುಗಿಯುವ ತನಕ, ರೋಗಿಯ ಜೊತೆ ಕೂರುವವರಿಗೆ ಎಲ್ಲಿ ಮುಟ್ಟಬಾರದು, ಎಲ್ಲಿ ಹಿಡಿದುಕೊಳ್ಳಬಹುದು ಎರಡನ್ನೂ ಹೇಳದೆ ನಾನು ಗಾಡಿ ಸ್ಟಾರ್ಟ್ ಮಾಡಿದ್ದಿಲ್ಲ.