ಲಿಂಕಕ್ಕ
ಮಣಿ ಪೋಣಿಸುವವರು, ಬೆಳ್ಳಿ ತಂತಿ ಬಾಗಿಸುವವರು, ಮಣ್ಣಿನ ಕಿವಿಯೋಲೆ ಸುಡುವವರು, ಹೀಗೆ ಸ್ವಂತ ಕೈಕೆಲಸವನ್ನೇ ನೆಚ್ಚಿಕೊಂಡ ಊರಿನವರೆಲ್ಲ ಅವಳನ್ನು ಕರೆಯುವುದು ಲಿಂಕಕ್ಕ ಎಂದೇ. ಯಾರು ಏನು ಕೇಳಿದರೂ ಅವಳ ಫೋನಿನಲ್ಲಿ ಅದಕ್ಕೊಂದು ಲಿಂಕ್ ಇದ್ದೇ ಇರುತ್ತದೆ. "ಅಕ್ಕಾ, ಬೆಸುಗೆ ನಿಲ್ತಾನೇ ಇಲ್ಲ" ಎಂದರೆ, "ಬೆಳ್ಳಿ ಮೇಲಿನ ಕೊಳೆ ತೆಗೆದಿರೋದಿಲ್ಲ ನೀನು. ಈ ವಿಡಿಯೊನ ನಾಲ್ಕನೇ ನಿಮಿಷದಿಂದ ನೋಡು, ಅಲ್ಲೀವರೆಗೂ ಬರೀ ಪೀಠಿಕೆ" ಎನ್ನುತ್ತಾಳೆ. ಓಲೆಯ ಫೋಟೊ ಮಬ್ಬಾಯಿತೆಂದು ಗೊಣಗಿದವರಿಗೆ, ಕಿಟಕಿಯ ಬೆಳಕನ್ನು ಬಿಳಿ ಕಾಗದದಿಂದ ಪಳಗಿಸುವ ಪಾಠ ಮರುಕ್ಷಣವೇ ತಲುಪುತ್ತದೆ. ತಾನು ಮಾಡಿ ನೋಡದ ಪಾಠವನ್ನು ಮಾತ್ರ ಸುತರಾಂ ಕಳಿಸಳು. "ಆ ಸೈಟ್ ಬೇಡವೇ ಬೇಡ" ಎಂದು, ಅದನ್ನು ನಂಬಿ ಸುಟ್ಟುಕೊಂಡ ತನ್ನ ಬೆರಳನ್ನೇ ಸಾಕ್ಷಿಗೆ ಎತ್ತುತ್ತಾಳೆ. "ನನ್ನ ಕನ್ನಡಕ ಎಲ್ಲೇ ಅಂದ್ರೂ ಲಿಂಕ್ ಕಳಿಸ್ತಾಳೆ" ಎನ್ನುವುದು ಗಂಡನ ಅಳಲು. ಇಷ್ಟು ಧಾರಾಳತನ ಏಕೆಂದು ಅವಳ ತಂಗಿಗೆ ಗೊತ್ತು. ಹದಿನಾರರ ವಯಸ್ಸಿನಲ್ಲಿ ಲಿಂಕಕ್ಕ ಅಕ್ಕಸಾಲಿ ಸೋದರಮಾವನ ಬಳಿ ಕೆಲಸ ಕಲಿಸಿ ಎಂದು ಅಂಗಲಾಚಿದ್ದಳು. "ಹೆಣ್ಣುಮಕ್ಕಳಿಗಲ್ಲ ಇದು" ಎಂದು ಅವರು ಅಟ್ಟಿಬಿಟ್ಟಿದ್ದರು. ಹೋದ ವಾರ ಅದೇ ಮಾವನ ಫೋನು ಬಂತು. "ನನ್ನ ಬಳೆಗಳನ್ನ ಆನ್‌ಲೈನಲ್ಲಿ ಮಾರಬೇಕಮ್ಮ, ಹೇಗೆ ಅಂತ ಯಾರೂ ಹೇಳಿಕೊಡ್ತಿಲ್ಲ." ಲಿಂಕಕ್ಕ ಯಾವ ಲಿಂಕನ್ನೂ ಹುಡುಕದೆ ಹೇಳಿದಳು: "ಬಳೆ ತಗೊಂಡು ನಾಳೆ ಬೆಳಿಗ್ಗೆ ಇಲ್ಲಿಗೇ ಬನ್ನಿ ಮಾವ, ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ. ಬರುವಾಗ ನಿಮ್ಮ ಸುತ್ತಿಗೆಯನ್ನೂ ತನ್ನಿ, ನಾನು ಕೇಳಿ ಕಲಿಯೋದೂ ಬಹಳ ಇದೆ."