ವೈನಿ ನುಂಗಿದ ಗುಳಿಗೆಗಳು

ಹೋದ ವಾರ ಸಂಭಾಜಿನಗರದ ಆಸ್ಪತ್ರೆಯಲ್ಲಿ, ಐದು ತಿಂಗಳ ಬಸುರಿಯಾದ ನನಗೆ ಸಿಸ್ಟರ್ ಕಬ್ಬಿಣಾಂಶದ ಕೆಂಪು ಗುಳಿಗೆಗಳನ್ನು ಕೊಟ್ಟರು. ಮನೆಗೆ ಬಂದು ಒಂದನ್ನು ಬಿಡಿಸಿದಾಗ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ನುಂಗಲಾಗಲಿಲ್ಲ. ಹದಿಮೂರು ವರ್ಷಗಳ ಹಿಂದೆ ಇಂಥದೇ ಗುಳಿಗೆಯನ್ನು ದಿನಾ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದ ಪಕ್ಕದ ಶೆಡ್ಡಿನ ವೈನಿ ನೆನಪಾದಳು...

ಆಗ ನಾವು ಮಹಾರಾಷ್ಟ್ರದಲ್ಲಿ, ನಾಸಿಕದ ಹತ್ತಿರದ ಸಿನ್ನರಿನಲ್ಲಿದ್ದೆವು. ಕಾರ್ಖಾನೆ ಕಟ್ಟುವ ಕಡೆ ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ. ಕಲಬುರಗಿ ಕಡೆಯಿಂದ ಬಂದ ಸಂಸಾರಗಳೆಲ್ಲ ತಗಡಿನ ಶೆಡ್ಡುಗಳಲ್ಲಿ ಸಾಲಾಗಿ ಇದ್ದವು. ವೈನಿಯ ಗಂಡ ಅಪ್ಪನ ಜೊತೆಗಾರ; ಅವನನ್ನು ಅಣ್ಣ ಎನ್ನುತ್ತಿದ್ದುದರಿಂದ ಇವಳು ನನಗೆ ವೈನಿ, ಅಂದರೆ ಅತ್ತಿಗೆ. ಹದಿನೈದಕ್ಕೇ ಮದುವೆಯಾಗಿ ಬಂದಿದ್ದವಳಿಗೆ ಹತ್ತೊಂಬತ್ತರಲ್ಲಿ ಮೂರು ವರ್ಷದ ಮಗಳು, ಮೊಲೆ ಬಿಡದ ಗಂಡುಕೂಸು. ದಿನವಿಡೀ ಉಸುಕಿನ ಬುಟ್ಟಿ ಹೊತ್ತು ಬಂದು, ಕೂಸಿಗೆ ಹಾಲು ಕೊಡುತ್ತ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಎಚ್ಚರಿದ್ದಾಗ ಮಾತ್ರ ಬಹಳ ನಗಿಸುತ್ತಿದ್ದಳು. ಕೆಲಸ ಮಾಡಿಸುವ ಮುಕಾದಮನ ನಡಿಗೆ, ನಮ್ಮವ್ವನ ಗೊರಕೆ, ಎಲ್ಲ ಮಾಡಿ ತೋರಿಸುತ್ತಿದ್ದಳು.

ಅವಳಿಗೆ ಮರಾಠಿ ಬರುತ್ತಿರಲಿಲ್ಲ. ನಾನು ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿ. ಒಂದು ದಿನ ನೀರು ತುಂಬುವಾಗ ನನ್ನನ್ನು ಪಕ್ಕಕ್ಕೆ ಕರೆದಳು.

"ತಂಗೀ, ನನ್ನ ಕೂಡ ದವಾಖಾನಿಗಿ ಬಾ. ಇನ್ನ ಮೂರು ವರ್ಷ ನಂಗ ಕೂಸು ಬ್ಯಾಡಂತ ಸಿಸ್ಟರಿಗಿ ಹೇಳು. ಅದಕ್ಕ ಗುಳಿಗಿ ಇರ್ತಾವಂತ."

ಗಂಡನಿಗಾಗಲಿ ನಮ್ಮವ್ವನಿಗಾಗಲಿ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು.

ದವಾಖಾನೆಯ ಬೆಂಚಿನ ಮೇಲೆ ನನ್ನ ಶಾಲೆಯ ಗೆಳತಿಯ ತಾಯಿ ಕೂತಿದ್ದರು. ಏನಾಗಿದೆ ಎಂದು ಸಿಸ್ಟರ್ ಕೇಳಿದರು. ಹೇಳಬೇಕಾದ ಮಾತು ಮರಾಠಿಯಲ್ಲಿ ನನಗೆ ಗೊತ್ತಿತ್ತು. ಆ ಕೋಣೆಯ ಗೋಡೆಯ ಮೇಲೇ ಬರೆದಿತ್ತು. ಗೆಳತಿಯ ತಾಯಿಯ ಎದುರಿಗೆ ಬಾಯಿಗೆ ಬರಲಿಲ್ಲ. ಇವರಿಗೆ ತಲೆ ತಿರುಗುತ್ತದೆ, ನಿಶ್ಶಕ್ತಿ ಎಂದುಬಿಟ್ಟೆ. ಸಿಸ್ಟರ್ ವೈನಿಯ ಕಣ್ಣರೆಪ್ಪೆ ಎಳೆದು ನೋಡಿ ಕೆಂಪು ಗುಳಿಗೆ ಕೊಟ್ಟರು. ಹೊರಗೆ ಬಂದ ಮೇಲೆ, ಇವೇ ಏನು ಎಂದು ವೈನಿ ಕೇಳಿದಳು. ನಾನು ಹೂಂ ಅಂದೆ.

ಮುಂದಿನ ವಾರ ಒಬ್ಬಳೇ ಹೋಗಿ ಸರಿಯಾದವನ್ನು ಕೇಳಿ ತರೋಣ ಅಂದುಕೊಂಡೆ... ಆ ವಾರ ಹೋಯಿತು. ಪರೀಕ್ಷೆ ಬಂತು. ಮೂರು ತಿಂಗಳಿಗೆ ವೈನಿ ಮತ್ತೆ ಬಸುರಿಯಾದಳು. ನನ್ನನ್ನು ಬೈಯಲಿಲ್ಲ. "ಯಾವದರೆ ಒಂದಿನ ತಪ್ಪಿಸಿರಬೇಕು ತಂಗೀ, ನಂದೇ ತಪ್ಪು" ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಗಂಡ ಯಾವುದೋ ಔಷಧಿ ಅಂಗಡಿಯಿಂದ ಡಾಕ್ಟರ ಚೀಟಿಯಿಲ್ಲದೆ ಬಸುರು ಇಳಿಸುವ ಗುಳಿಗೆ ತಂದ. ಎರಡು ದಿನ ರಕ್ತ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜೀಪು ಬಂತು. ಎತ್ತಿ ಕೂರಿಸುವಾಗ ವೈನಿ ಮಗಳ ಕೈಯನ್ನು ನನ್ನ ಕೈಗಿಟ್ಟು, "ಇಕಿಗಿ ಎರಡು ಜಡಿ ಹಾಕು, ಸಂಜಿಕಿ ಬರ್ತೀನಿ" ಅಂದಳು. ನಾಸಿಕ ಮುಟ್ಟುವ ಮೊದಲೇ ಹೋದಳಂತೆ. ಸುದ್ದಿ ಬರುವಷ್ಟರಲ್ಲಿ ನಾನು ಜಡೆ ಹಾಕಿ ಮುಗಿಸಿದ್ದೆ.

ಮಕ್ಕಳನ್ನು ಅಜ್ಜಿ ಊರಿಗೆ ಕರೆದೊಯ್ದಳು. ಹೋದ ವಾರ ಅವ್ವನಿಗೆ ಫೋನ್ ಮಾಡಿ ಆ ಹುಡುಗಿಯ ಬಗ್ಗೆ ಕೇಳಿದೆ. ಈಗ ಹದಿನಾರು, ಯುಗಾದಿಗೆ ಮುಂಚೆ ಮದುವೆ ಮಾಡಿದ್ದಾರೆ, ಗಂಡನ ಮನೆಯವರ ಜೊತೆ ನಾಸಿಕದ ಕಡೆಯ ನಿಫಾಡಿನ ಯಾವುದೋ ದ್ರಾಕ್ಷಿ ತೋಟಕ್ಕೆ ಕೆಲಸಕ್ಕೆ ಬಂದಿದ್ದಾಳೆ ಎಂದಳು. ಯಾರ್ಯಾರನ್ನೋ ಕೇಳಿ ನಂಬರು ಹಿಡಿದೆ. ಅವಳು ಹಲೋ ಅಂದಿದ್ದೇ ತಡ, ಇಷ್ಟು ವರ್ಷ ಆಡದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿದೆ. ನಿನ್ನ ತಾಯಿ ಹೇಗೆ ಸತ್ತಳು, ನಾನೇನು ಮಾಡಿದೆ, ನೀನು ದವಾಖಾನೆಗೆ ಹೋಗಿ ಯಾವ ಗುಳಿಗೆ ಕೇಳಬೇಕು, ಮರಾಠಿಯಲ್ಲಿ ಅದಕ್ಕೆ ಏನನ್ನಬೇಕು... ಎಲ್ಲ.

ಅವಳು ಸಣ್ಣ ದನಿಯಲ್ಲಿ ಅಂದಳು:

"ಅಕ್ಕಾರಿ, ಫೋನ್ ಸ್ಪೀಕರ್ ಮ್ಯಾಲ ಅದರಿ. ನಮ್ಮತ್ತಿ, ಮಾವ ಎಲ್ಲಾರೂ ಇಲ್ಲೇ ಕುಂತಾರ."

ಯಾರೋ ಫೋನ್ ಕಸಿದು ಇಟ್ಟರು. ಅಂದಿನಿಂದ ಆ ನಂಬರು ಹತ್ತುತ್ತಿಲ್ಲ. ಯಾವ ತೋಟವೆಂದು ಅವ್ವನಿಗೂ ಗೊತ್ತಿಲ್ಲ. ವೈನಿಯನ್ನು ಕಳೆದದ್ದು ನನ್ನ ಮೌನ. ಈ ಹುಡುಗಿಯನ್ನು ನನ್ನ ಮಾತು ಏನು ಮಾಡಿತೋ, ತಿಳಿಯುವ ದಾರಿಯಿಲ್ಲ.