ಲಾರಿಯ ಹೊಟ್ಟೆ ಸೇರಿದ ಗ್ಲೌಸು

ಇಪ್ಪತ್ತೆರಡು ವರ್ಷ ಕಂಡವರ ಮನೆಗಳನ್ನೆಲ್ಲ ಗಂಟುಮೂಟೆ ಕಟ್ಟಿ ಲಾರಿಗೆ ಏರಿಸಿದ ಮನುಷ್ಯ, ತನ್ನದೇ ಮನೆಯ ಸಾಮಾನು ಕಟ್ಟುವ ದಿನ ಬಂದಾಗ ಒಂದು ದೊಡ್ಡ ತಪ್ಪು ಮಾಡಿದ. ಕೆಲಸ ಬಾರದವನು ಯಾವನೂ ಆ ತಪ್ಪು ಮಾಡುತ್ತಿರಲಿಲ್ಲ. ಕೆಲಸ ಚೆನ್ನಾಗಿ ಬರುತ್ತಿದ್ದುದರಿಂದಲೇ ಅವನು ಮಾಡಿದ.

ಜೊತೆಯವರು ಅವನನ್ನು ಗಂಟಣ್ಣ ಅಂತ ಕರೆಯುತ್ತಿದ್ದರು. ಅವನು ಹಗ್ಗಕ್ಕೆ ಹಾಕಿದ ಗಂಟು ನಡುದಾರಿಯಲ್ಲಿ ಸಡಿಲವಾದದ್ದನ್ನು ಯಾರೂ ನೋಡಿಲ್ಲ. ಮನೆಸಾಮಾನು ಸಾಗಿಸುವ ಕಂಪನಿಗೆ ಹಮಾಲನಾಗಿ ಸೇರಿದವನು, ಬರಬರುತ್ತಾ ಯಾರದೇ ಮನೆಯ ಹೊಸ್ತಿಲು ದಾಟಿದರೂ ಕಾಲು ಗಂಟೆಯಲ್ಲಿ ಎಷ್ಟು ರಟ್ಟಿನ ಪೆಟ್ಟಿಗೆ ಬೇಕು ಅಂತ ಹೇಳಬಲ್ಲವನಾದ. ಪುಸ್ತಕ ಕಂಡರೆ ಮುಖ ಗಂಟಿಕ್ಕುತ್ತಿದ್ದ. ಓದಿನ ಮೇಲೆ ಅವನಿಗೆ ದ್ವೇಷವೇನಿಲ್ಲ, ಪುಸ್ತಕದ ಪೆಟ್ಟಿಗೆ ಎತ್ತಿದವನಿಗಷ್ಟೇ ಅದರ ಕಷ್ಟ ಗೊತ್ತು. ಲಾರಿ ತುಂಬುವಾಗ ಅವನದು ಎರಡೇ ಕಟ್ಟಳೆ. ಹೊಸ ಮನೆಗೆ ಕಾಲಿಟ್ಟ ಕೂಡಲೇ ಬೇಕಾಗುವ ಬಕೆಟ್ಟು, ಬಲ್ಬು, ಹಾಲಿನ ಪಾತ್ರೆ ಕೊನೆಗೆ ಏರಬೇಕು, ಬಾಗಿಲ ಪಕ್ಕದಲ್ಲೇ ಇರಬೇಕು. ಇನ್ನು ಒಡೆದರೆ ಮತ್ತೆ ಸಿಗದಂಥದ್ದು, ಅಜ್ಜಿಯ ಗಡಿಯಾರವೋ ಮದುವೆಯ ಫೋಟೊವೋ, ಅದು ಲಾರಿಯ ಹೊಟ್ಟೆಗೆ ಹೋಗಬೇಕು. ಹೊಟ್ಟೆ ಅಂದರೆ ನಟ್ಟನಡುವೆ, ಹಾಸಿಗೆಗಳ ಮಧ್ಯೆ, ಎಂಥ ಗುಂಡಿಗೆ ಚಕ್ರ ಇಳಿದರೂ ಕುಲುಕು ತಾಗದ ಜಾಗ.

ಹೋದ ವರ್ಷ ಯಾರದೋ ಮೂರನೇ ಮಹಡಿಯಿಂದ ಫ್ರಿಜ್ಜು ಇಳಿಸುತ್ತಿದ್ದಾಗ ಅವನ ಸೊಂಟ ಹಿಡಿದುಕೊಂಡಿತು. "ಇನ್ನು ಭಾರ ಎತ್ತಿದ್ರೆ ನೀವೇ ಒಂದು ಸಾಮಾನಾಗ್ತೀರಿ, ಮಂಚದಿಂದ ಮಂಚಕ್ಕೆ ಸಾಗಿಸ್ಬೇಕಾಗುತ್ತೆ" ಅಂದರು ಡಾಕ್ಟರು. ಹೆಂಡತಿ ಒಂದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲು ಕಾದಳು, ನೀರಿನ ಬಿಂದಿಗೆಯನ್ನೂ ಮುಟ್ಟಗೊಡಲಿಲ್ಲ. ಕಂಪನಿಯವರು ಒಳ್ಳೆಯವರು, ಕೈಬಿಡಲಿಲ್ಲ. ಬೇರೊಂದು ಊರಿನ ಶೆಡ್ಡಿಗೆ ಮೇಸ್ತ್ರಿ ಮಾಡಿ ಕಳಿಸುತ್ತೇವೆ ಅಂದರು. ಅಲ್ಲಿ ನಿಂತು ಹೇಳುವ ಕೆಲಸ, ಬಾಗುವ ಕೆಲಸ ಅಲ್ಲ. ಬೇಡ ಅನ್ನುವ ಹಾಗಿರಲಿಲ್ಲ.

ಕಷ್ಟ ಇದ್ದದ್ದು ಮಗಳಿಗೆ ಹೇಳುವುದರಲ್ಲಿ. ಅವಳಿಗೆ ಹನ್ನೊಂದು ವರ್ಷ. ಊಟ, ಬರವಣಿಗೆ, ಜಗಳ ಎಲ್ಲವೂ ಎಡಗೈಯಲ್ಲೇ ಆಗಬೇಕಾದ್ದರಿಂದ ಮನೆಯಲ್ಲಿ ಎಡಚಿ ಅಂತಲೇ ಕರೆಯುತ್ತಿದ್ದರು, ಅವಳೂ ಅದನ್ನು ಬಿರುದು ಅಂದುಕೊಂಡಿದ್ದಳು. ನಾಲ್ಕು ವರ್ಷದಿಂದ ಮಕ್ಕಳ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದಳು. ಮೈದಾನದಲ್ಲಿ ನೆಲಕ್ಕೆ ಕೂರಿಸಿದ ಚೌಕದ ಮೆತ್ತೆಗೆ ಬೇಸ್ ಅನ್ನುತ್ತಾರೆ, ಮೊದಲ ಬೇಸ್ ಕಾಯುವುದು ಅವಳ ಪಾಲು. ಚೆಂಡು ಹೊಡೆದವನು ಓಡಿ ಬಂದು ಮುಟ್ಟುವ ಮೊದಲೇ ಒಂದು ಕಾಲು ಬೇಸಿನ ಮೇಲಿಟ್ಟು, ಮೈಯೆಲ್ಲ ಚಾಚಿ, ದೂರದಿಂದ ಎಸೆದ ಚೆಂಡನ್ನು ಹಿಡಿಯಬೇಕು. ಹಿಡಿಯಲು ಗ್ಲೌಸು ಬೇಕು. ಎಸೆಯುವ ಕೈ ಖಾಲಿ ಇರಬೇಕಾದ್ದರಿಂದ ಬೇರೆ ಮಕ್ಕಳೆಲ್ಲ ಗ್ಲೌಸನ್ನು ಎಡಗೈಗೆ ಹಾಕುತ್ತಾರೆ, ಎಡಚಿ ಬಲಗೈಗೆ ಹಾಕುತ್ತಾಳೆ. ಹಾಗಾಗಿ ಅವಳ ಗ್ಲೌಸು ಇನ್ನೊಬ್ಬರಿಗೆ ಆಗದು, ಇನ್ನೊಬ್ಬರದು ಅವಳಿಗೆ ಆಗದು. ಆ ಚರ್ಮವನ್ನು ಎಣ್ಣೆ ಸವರಿ ಸವರಿ ಹದ ಮಾಡಿಕೊಳ್ಳಲು ಅವಳಿಗೆ ಒಂದು ವರ್ಷ ಹಿಡಿದಿತ್ತು.

ಊರು ಬಿಡುವ ವಿಷಯ ತಿಳಿದಾಗ ಎಡಚಿ ಅಳಲಿಲ್ಲ. "ಪರವಾಗಿಲ್ಲ ಬಿಡಪ್ಪ, ನಿನ್ನ ಸೊಂಟ ಮುಖ್ಯ" ಅಂದಳು.

ಗಂಟಣ್ಣ ಅಳುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದ. ಪ್ರತಿ ಮನೆಯಲ್ಲೂ ಒಂದು ಮಗು ಖಾಲಿ ಕೋಣೆಯ ಮೂಲೆ ಹಿಡಿದು ಕೂತಿರುತ್ತಿತ್ತು. ಅಂಥ ಅಳುವನ್ನು ಅವನು ತಡೆದುಕೊಳ್ಳಬಲ್ಲ. ಈ "ಪರವಾಗಿಲ್ಲ" ಮಾತ್ರ ಅವನ ಕರುಳಿಗೆ ಕೈಹಾಕಿತು. ಹೊಸ ಊರಲ್ಲಿ ಇವಳನ್ನು ಆಟಕ್ಕೆ ಸೇರಿಸದೆ ತಾನು ಸುಮ್ಮನೆ ಕೂರುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ಹತ್ತು ಕಡೆ ಫೋನು ಮಾಡಿ ಪತ್ತೆ ಹಚ್ಚಿದ. ಅಲ್ಲಿನ ಮಕ್ಕಳ ತಂಡದಲ್ಲಿ ಎರಡೇ ಜಾಗ ಖಾಲಿ ಇದ್ದವು. ಅವರು ಊರು ತಲುಪುವ ವಾರದ ಶನಿವಾರ ಬೆಳಿಗ್ಗೆ ಎಂಟಕ್ಕೆ ಟ್ರಯಲ್. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಬೇಲಿಯ ಆಚೆ ನಿಂತು ನೋಡುವುದೇ ಗತಿ.

ಸಾಮಾನು ಕಟ್ಟುವ ದಿನ ಮಗಳು ಗೆಳತಿಯರಿಂದ ಬೀಳ್ಕೊಳ್ಳಲು ಹೋಗಿದ್ದಳು. ಗ್ಲೌಸು ಮಂಚದ ಮೇಲಿತ್ತು. ಗಂಟಣ್ಣ ಅದನ್ನು ಎತ್ತಿಕೊಂಡ. ಈ ಮನೆಯಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೇನಿದೆ ಅನ್ನಿಸಿತು ಅವನಿಗೆ. ಆಕಾರ ಕೆಡದಂತೆ ಒಳಗೊಂದು ಚೆಂಡು ಇಟ್ಟ. ಮೂರು ಸುತ್ತು ಪೇಪರು ಸುತ್ತಿದ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ಕು, ಅದರ ಮೇಲೆ ದಿಂಬಿನ ಕವರು. ಕೈಯಾರೆ ಲಾರಿಯ ಹೊಟ್ಟೆಯಲ್ಲಿ ಎರಡು ಹಾಸಿಗೆಗಳ ನಡುವೆ ಇಟ್ಟು ಬಂದ. ಅವನ ತಪ್ಪು ಇಷ್ಟೇ.

ಬುಧವಾರ ಊರು ಸೇರಿದ ಕೂಡಲೇ ಸಾಮಾನು ಇಳಿದಿದ್ದರೆ ಅದು ತಪ್ಪು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಹಿಂದಿದ್ದವರು ಸೋಮವಾರದವರೆಗೆ ಸಮಯ ಕೇಳಿದರು. ಲಾರಿ ಹಾಗೇ ತುಂಬಿಕೊಂಡು ಶೆಡ್ಡಿನ ಅಂಗಳದಲ್ಲಿ ನಿಂತಿತು, ಸಂಸಾರ ಆಫೀಸಿನ ಮೇಲಿನ ಒಂದು ಕೋಣೆಯಲ್ಲಿ ಬಿಡಾರ ಹೂಡಿತು. ಗುರುವಾರ ಸಂಜೆ ಎಡಚಿ ಕೈಚೀಲಗಳನ್ನೆಲ್ಲ ತಡಕಾಡಿ ಕೇಳಿದಳು.

"ಅಪ್ಪ, ನನ್ನ ಗ್ಲೌಸು ಎಲ್ಲಿಟ್ಟಿದ್ದೀಯ?"

"ಹೊಟ್ಟೇಲಿ!" ಅಂದ ಗಂಟಣ್ಣ, ಎದೆಯುಬ್ಬಿಸಿ. ಆಮೇಲೆ ತನ್ನ ಮಾತು ತನಗೇ ಅರ್ಥವಾಗಿ ಮುಖ ಸಪ್ಪಗಾಯಿತು.

ಕನ್ನಡಕದ ಅಂಗಡಿಯಲ್ಲಿ ಹದಿನೈದು ವರ್ಷ ಗಾಜು ಉಜ್ಜಿದ ಹೆಂಡತಿ ಹಣೆ ಚಚ್ಚಿಕೊಂಡಳು. "ಅದೇನು ಪಿಂಗಾಣಿ ಬಟ್ಟಲೇನ್ರೀ? ಚೀಲಕ್ಕೆ ತುರುಕಿದ್ರೆ ಆಗ್ತಿತ್ತು."

"ಪರವಾಗಿಲ್ಲ ಬಿಡಮ್ಮ. ಅಲ್ಲೇ ಯಾರದ್ದಾದ್ರೂ ಇಸ್ಕೋತೀನಿ" ಅಂದಳು ಮಗಳು. ಯಾರದ್ದೂ ಆಗದು ಅಂತ ಮೂವರಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಹೆಂಡತಿ ಆಟದ ಸಾಮಾನಿನ ಅಂಗಡಿಗಳಿಗೆ ಫೋನು ಮಾಡಿದಳು. ಬಲಗೈ ಗ್ಲೌಸು ತರಿಸಿಕೊಡಲು ಎರಡು ವಾರ ಬೇಕು ಅಂದರು.

ದಾರಿ ಇದ್ದದ್ದು ಒಂದೇ, ಅರ್ಧ ಲಾರಿ ಇಳಿಸಬೇಕು. ಶೆಡ್ಡಿನಲ್ಲಿ ಐದು ಜನ ಆಳುಗಳಿದ್ದರು. ಆದರೆ ಬಂದು ಎರಡು ದಿನ ಆಗಿಲ್ಲ, ಆಗಲೇ ಮೇಸ್ತ್ರಿ ತನ್ನ ಮನೆಗೆಲಸ ಮಾಡಿಸಿಕೊಂಡ ಅನ್ನಿಸಿಕೊಳ್ಳಲು ಅವನಿಗೆ ಮನಸ್ಸಿಲ್ಲ. ಅಲ್ಲದೆ ಆ ಐವರಲ್ಲಿ ಹಿರಿಯರೊಬ್ಬರಿದ್ದರು, ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಮೂವತ್ತು ವರ್ಷ ಅದೇ ಶೆಡ್ಡಿನಲ್ಲಿ ದುಡಿದವರು. ಮೇಸ್ತ್ರಿ ಕೆಲಸ ಅವರಿಗೇ ಸಿಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ಹೊರಗಿನಿಂದ ಗಂಟಣ್ಣ ಬಂದು ಕೂತಿದ್ದ. ಎರಡು ದಿನವೂ ಅವರು "ಹೂಂ ಸಾರ್", "ಆಯ್ತು ಸಾರ್" ಬಿಟ್ಟು ಮೂರನೇ ಮಾತಾಡಿರಲಿಲ್ಲ. ಅವರನ್ನು ಯಾವ ಬಾಯಲ್ಲಿ ಕೇಳುವುದು?

ಶುಕ್ರವಾರ ಮೂರೂವರೆಗೆ ಆಳುಗಳು ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯಲು ಹೋದರು. ಗಂಟಣ್ಣ ಹೆಂಡತಿಯ ಕಣ್ಣು ತಪ್ಪಿಸಿ ಲಾರಿಯ ಬಾಗಿಲು ತೆಗೆದ. ಬಕೆಟ್ಟು ಇಳಿಸಿದ, ಕುರ್ಚಿಗಳನ್ನು ಇಳಿಸಿದ, ಹತ್ತು ಪೆಟ್ಟಿಗೆ ಇಳಿಸಿದ. ಆಮೇಲೆ ಎದುರಾಯಿತು ಕಬ್ಬಿಣದ ಬೀರು. ಅದಕ್ಕೆ ಭುಜ ಕೊಟ್ಟಾಗ ಹಿಂದಿನಿಂದ ದನಿ ಬಂತು.

"ಏನ್ ಸಾರ್, ಒಬ್ರೇ?"

ದೊಡ್ಡಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು.

"ಏನಿಲ್ಲ, ಒಂದು ಸಣ್ಣ ಸಾಮಾನು ಬೇಕಾಗಿತ್ತು."

"ಎಲ್ಲಿದೆ?"

"ಹೊಟ್ಟೇಲಿ."

"ಸಣ್ಣ ಸಾಮಾನಿಗೆ ಹೊಟ್ಟೇಲೇನು ಕೆಲಸ?"

ಗಂಟಣ್ಣ ನಾಚಿಕೆ ಬಿಟ್ಟು ಎಲ್ಲ ಹೇಳಿದ. ಮಗಳ ಎಡಗೈ, ನಾಳೆಯ ಟ್ರಯಲ್ಲು, ದಿಂಬಿನ ಕವರು, ಆ "ಪರವಾಗಿಲ್ಲ" ಎಲ್ಲವನ್ನೂ. ದೊಡ್ಡಪ್ಪ ಕೇಳಿಸಿಕೊಂಡು ಬೀರುವನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಇದನ್ನ ನೀವೊಬ್ರೇ ಇಳಿಸ್ತೀರಾ?"

"ನಿಧಾನವಾಗಿ ಇಳಿಸ್ತೀನಿ."

"ಇಳಿಸ್ತೀರಿ, ಇಳಿಸ್ತೀರಿ. ಆಮೇಲೆ ನಿಮ್ಮನ್ನ ಯಾರು ಇಳಿಸ್ಬೇಕು?" ಅಂದವರೇ ನಲ್ಲಿಯ ಕಡೆ ತಿರುಗಿ, "ಏಯ್, ಬನ್ರೋ ಇಲ್ಲಿ! ತೊಳ್ಕೊಂಡಿದ್ದು ಸಾಕು, ಮತ್ತೆ ಕೊಳೆ ಮಾಡ್ಕೊಳ್ಳೋಣ" ಅಂತ ಕೂಗಿದರು.

ಒಬ್ಬನೂ ಗೊಣಗಲಿಲ್ಲ. ಬೀರು ಇಳಿಯಿತು, ಫ್ರಿಜ್ಜು ಇಳಿಯಿತು, ಬಟ್ಟೆ ಒಗೆಯುವ ಮೆಷಿನ್ನು ಇಳಿಯಿತು. ಕೈ ಹಾಕಲು ಹೋದ ಗಂಟಣ್ಣನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ಅವನು ಗಿರಾಕಿಯಾದ. ಅವನ ಸಂಸಾರದ ಗುಟ್ಟೆಲ್ಲ ಹಗಲು ಬೆಳಕಿನಲ್ಲಿ ಅಂಗಳದ ತುಂಬ ಹರಡಿಕೊಂಡಿತು. ತಂತಿ ಕಟ್ಟಿದ ಕುರ್ಚಿಯ ಕಾಲು, ತೇಪೆ ಹಾಕಿದ ಸೋಫಾ, ಎಡಚಿ ಎಳೆಯವಳಾಗಿದ್ದಾಗ ಒದ್ದೆ ಮಾಡಿದ ಕಲೆ ಹೊತ್ತ ಹಾಸಿಗೆ. ನೂರಾರು ಮನೆಗಳಲ್ಲಿ ಗಿರಾಕಿಗಳು ಇಂಥ ಹಾಸಿಗೆಯ ಮುಂದೆ ನಿಂತು ಹೇಳುತ್ತಿದ್ದ ಮಾತೇ ಈಗ ಅವನ ಬಾಯಿಗೆ ಬಂತು. "ಇದನ್ನ ಎಸೀಬೇಕು ಅಂತಿದ್ವಿ."

"ನಾವೇನೂ ನೋಡಿಲ್ಲ ಸಾರ್" ಅಂದ ಹಾಸಿಗೆ ಹೊತ್ತವನು. ಅದು ಕಸುಬಿನವರು ಗಿರಾಕಿಗೆ ಕೊಡುವ ಉತ್ತರ. ಗಂಟಣ್ಣನೂ ಅದನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದ. ಹೇಳಿಸಿಕೊಂಡವರಿಗೆ ಅದು ಎಷ್ಟು ಹಿತವಾಗಿರುತ್ತದೆ ಅಂತ ಇವತ್ತೇ ಗೊತ್ತಾದದ್ದು.

ಒಳಗೆ ದೊಡ್ಡಪ್ಪ ಒಂದು ಹಗ್ಗದ ಮುಂದೆ ನಿಂತುಬಿಟ್ಟಿದ್ದರು. "ಈ ಗಂಟು ಯಾರು ಹಾಕಿದ್ದು?"

"ನಾನೇ."

ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಎಳೆದು ನೋಡಿದರು. "ಹೂಂ" ಅಂದರು. ಎರಡು ದಿನದ "ಹೂಂ ಸಾರ್"ಗೂ ಈ "ಹೂಂ"ಗೂ ಅಜಗಜಾಂತರ.

ಸಂಜೆ ಐದೂಕಾಲಿಗೆ ದಿಂಬಿನ ಕವರು ಕೈಗೆ ಸಿಕ್ಕಿತು. ಗದ್ದಲ ಕೇಳಿ ತಾಯಿ ಮಗಳು ಅಷ್ಟರಲ್ಲಿ ಕೆಳಗಿಳಿದಿದ್ದರು. ಎಡಚಿ ಕವರು ಬಿಚ್ಚಿದಳು, ಪ್ಲಾಸ್ಟಿಕ್ಕು ಬಿಚ್ಚಿದಳು, ಒಂದು ಸುತ್ತು ಪೇಪರು, ಇನ್ನೊಂದು ಸುತ್ತು, ಮತ್ತೊಂದು. ಬಿಚ್ಚುತ್ತ ಬಿಚ್ಚುತ್ತ ಅವಳಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಇಷ್ಟು ದಿನ ಒಳಗಿಟ್ಟುಕೊಂಡಿದ್ದ ಅಳುವನ್ನೆಲ್ಲ ಅವಳು ಅಪ್ಪನ ಹೊಟ್ಟೆಗೆ ಮುಖ ಒತ್ತಿ ಅತ್ತು ಮುಗಿಸಿದಳು. ಹೆಂಡತಿ ಬೈಯಲೆಂದು ಬಂದವಳು ಎಲ್ಲರಿಗೂ ಚಹಾ ತರಲು ಮೇಲೆ ಹೋದಳು.

"ಕೈ ಮರೆತು ಹೋಗಿರುತ್ತೆ ಮಗು, ನಾಲ್ಕು ಚೆಂಡು ಹಿಡಿ" ಅಂದರು ದೊಡ್ಡಪ್ಪ. ಮಂಚ, ಬೀರುಗಳ ನಡುವೆ ಆಳುಗಳು ಸಾಲಾಗಿ ನಿಂತು ಎಸೆದರು. ಅವರಲ್ಲಿ ಒಬ್ಬರಿಗೂ ಆ ಆಟದ ಗಂಧಗಾಳಿ ಇಲ್ಲ, ಹಾಗಾಗಿ ಒಂದು ಚೆಂಡೂ ಎಲ್ಲಿಗೆ ಬರಬೇಕೋ ಅಲ್ಲಿಗೆ ಬರಲಿಲ್ಲ. ಹಾರಿ, ಬಾಗಿ, ಚಾಚಿ ಎಡಚಿ ಹಿಡಿದದ್ದೇ ಹಿಡಿದದ್ದು. ಒಂದು ಮಾತ್ರ ಫ್ರಿಜ್ಜಿಗೆ ಬಡಿದು ಗುಳಿ ಬಿತ್ತು. "ನಾವೇನೂ ನೋಡಿಲ್ಲ" ಅಂದರು ಐವರೂ ಒಟ್ಟಿಗೆ. ಕತ್ತಲಾಗುವ ಮೊದಲೇ ಎಲ್ಲವನ್ನೂ ಮತ್ತೆ ಲಾರಿಗೆ ತುಂಬಿ ಮನೆಗೆ ಹೋದರು.

ಶನಿವಾರ ಮೈದಾನದಲ್ಲಿ ಎರಡು ಜಾಗಕ್ಕೆ ಹದಿನೇಳು ಮಕ್ಕಳು. ಬೆನ್ನಿಗೆ ಅಂಕಿಯ ಚೀಟಿ. ಎಡಚಿ ಮೊದಲ ಚೆಂಡನ್ನೇ ಕೈಚೆಲ್ಲಿದಳು. ಬೇಲಿಯ ಬಳಿ ಗಂಟಣ್ಣ ಕಣ್ಣು ಮುಚ್ಚಿಕೊಂಡ. ಆಮೇಲೆ ಎಸೆಯುವ ಮಕ್ಕಳು ಗಾಬರಿಯಲ್ಲಿ ಅಡ್ಡಾದಿಡ್ಡಿ ಎಸೆಯತೊಡಗಿದರು, ಎಡಚಿ ಹಿಂದಿನ ದಿನ ಅದಕ್ಕಿಂತ ಅಡ್ಡಾದಿಡ್ಡಿ ಚೆಂಡುಗಳನ್ನು ಕಂಡವಳು. ಒಂದು ಕಾಲು ಬೇಸಿನ ಮೇಲೆ ಊರಿ, ಮಿಕ್ಕ ಮೈಯನ್ನು ಗಾಳಿಗೆ ಬಿಟ್ಟು, ಎಲ್ಲವನ್ನೂ ಬಲಗೈಗೆ ಸೇರಿಸಿಕೊಂಡಳು. ಕೋಚ್ ಆಗಿದ್ದ ಹೆಂಗಸು, ಕಸುಬಿನಲ್ಲಿ ಹಲ್ಲಿನ ಡಾಕ್ಟರಂತೆ, ಕೊನೆಯಲ್ಲಿ ಎರಡು ಅಂಕಿ ಓದಿದರು. ಎರಡನೆಯದು ಎಡಚಿಯದು.

ಅಷ್ಟು ಹೊತ್ತಿಗೆ ಬೇಲಿಯಾಚೆ ಕಂಪನಿಯ ಸಣ್ಣ ಲಾರಿ ನಿಂತಿತ್ತು. ಅದೇ ರಸ್ತೆಯಲ್ಲಿ ಯಾರದೋ ಮನೆ ಖಾಲಿ ಮಾಡಿಸಲು ಹೊರಟಿದ್ದ ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಗಂಟಣ್ಣ ಓಡಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಂದ. ಅಷ್ಟಕ್ಕೆ ಸುಮ್ಮನಾಗಲು ಆಗಲಿಲ್ಲ, ಊರಿಗೆ ಬಂದಾಗಿನಿಂದ ಮನಸ್ಸಿನಲ್ಲಿದ್ದ ಮಾತನ್ನೂ ಆಡಿಬಿಟ್ಟ.

"ಈ ಮೇಸ್ತ್ರಿ ಕೆಲಸ ನಿಮಗೆ ಬರಬೇಕಿತ್ತು, ದೊಡ್ಡಪ್ಪ."

"ಬರಬೇಕಿತ್ತು" ಅಂದರು ಅವರು. "ಸುಳ್ಳು ಯಾಕೆ ಹೇಳ್ಲಿ, ಒಂದು ವಾರ ನನಗೆ ಊಟ ಸೇರಿರ್ಲಿಲ್ಲ." ಆಮೇಲೆ ಮೈದಾನದಲ್ಲಿ ಹೊಸ ಮಕ್ಕಳ ನಡುವೆ ಕುಣಿಯುತ್ತಿದ್ದ ಎಡಚಿಯನ್ನು ನೋಡುತ್ತ, "ನನಗೇ ಬಂದಿದ್ರೆ, ಈ ಮಗು ನಮ್ಮೂರಿಗೆ ಬರ್ತಿತ್ತಾ ಹೇಳಿ?" ಅಂದರು.

ಗಂಟಣ್ಣ ಅವರ ಕೈಗಳನ್ನು ಹಾಗೇ ಹಿಡಿದುಕೊಂಡು ನಿಂತ. ಬಿಡಿ ಸಾರ್, ಗಿರಾಕಿ ಕಾಯ್ತಿರ್ತಾರೆ ಅಂತ ದೊಡ್ಡಪ್ಪನೇ ಬಿಡಿಸಿಕೊಳ್ಳಬೇಕಾಯಿತು.